ಚಹಾ ಟ್ರಾಲಿಯ ಮೇಲಿನ ಅಕ್ಷರದ ಬಿಲ್ಲೆಗಳು

ಲಂಡನ್ನಿನ ಹೌನ್ಸ್ಲೋದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ಸಿನ ಕಿಟಕಿಗೆ ಕವಿದ ಹಬೆಯನ್ನು ಕೋಟಿನ ತೋಳಿನಿಂದ ಒರೆಸಿ, ಚನ್ನಬಸವ್ವ ಹೊರಗಿನ ಬೋರ್ಡುಗಳನ್ನು ನೋಡುತ್ತಿದ್ದಾರೆ. ಓದುವುದಕ್ಕಲ್ಲ, ಒಡೆದು ಕೂಡಿಸುವುದಕ್ಕೆ.

"ಹೀಥ್ರೋ ಅಂತ ಬರದಾರಲ್ರಿ, ಆ ಅಕ್ಷರದಾಗ ಹಾರ್ಟ್ ಐತಿ, ಅರ್ಥ್ ಐತಿ. ಹೌನ್ಸ್ಲೋದಾಗ ಸ್ಲೋ ಐತಿ. ಅದಕ್ಕ ನಮ್ಮ ಬಸ್ಸು ಹಿಂಗ," ಎಂದು ನಗುತ್ತಾರೆ.

ಪಶ್ಚಿಮ ಲಂಡನ್ನಿನ ಆಸ್ಪತ್ರೆಯೊಂದರ ಪಾರ್ಶ್ವವಾಯು ವಾರ್ಡಿನಲ್ಲಿ ಚಹಾ, ತಿಂಡಿ, ಊಟ ಹಂಚುವುದು ಅವರ ಕೆಲಸ. ಇಪ್ಪತ್ತೆಂಟು ಹಾಸಿಗೆ. ನುಂಗಲು ಕಷ್ಟಪಡುವವರಿಗೆ ಪುಡಿ ಬೆರೆಸಿ ಗಟ್ಟಿ ಮಾಡಿದ ಚಹಾ, ಕೆಲವರಿಗೆ ಸಕ್ಕರೆ ಇಲ್ಲದ್ದು. ಟ್ರಾಲಿಯ ಕೆಳಗಿನ ಅಂತಸ್ತಿನಲ್ಲಿ ಮಾತ್ರ ಒಂದು ಬಿಸ್ಕತ್ತಿನ ಡಬ್ಬಿ, ಅದರಲ್ಲಿ ಪ್ಲಾಸ್ಟಿಕ್ಕಿನ ಇಂಗ್ಲಿಷ್ ಅಕ್ಷರದ ಬಿಲ್ಲೆಗಳು. ಕೆಲಸದ ನಡುವೆ ಬಿಡುವಾದಾಗ ನಾಲ್ಕೈದು ಬಿಲ್ಲೆಗಳನ್ನು ರೋಗಿಯ ಮುಂದಿಡುತ್ತಾರೆ. ಇವುಗಳಲ್ಲಿ ಯಾವ ಶಬ್ದ ಅಡಗಿದೆ, ಹುಡುಕಬೇಕು. ಆಟ ಮುಗಿದ ಮೇಲೆ ಬಿಲ್ಲೆಗಳನ್ನು ಸೋಂಕು ನಿವಾರಕ ಬಟ್ಟೆಯಿಂದ ಒರೆಸಿ ಮುಂದಿನ ಹಾಸಿಗೆಗೆ.

ವಿಜಯಪುರ ಜಿಲ್ಲೆಯ ಚನ್ನಬಸವ್ವ ಮದುವೆಯಾಗಿ ಲಂಡನ್ನಿಗೆ ಬಂದಾಗ ಅವರಿಗೆ ಗೊತ್ತಿದ್ದದ್ದು ಕನ್ನಡವೊಂದೇ. ಪತಿ ವೀರಭದ್ರ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ದುಡಿಯುತ್ತಿದ್ದರು; ಅಲ್ಲೇ ಪಕ್ಕದ ಕಾರ್ಖಾನೆಯಲ್ಲಿ ಇವರು ಸ್ಯಾಂಡ್‌ವಿಚ್ ಕಟ್ಟುವ ಕೆಲಸಕ್ಕೆ ಸೇರಿದರು. ಬೆರಳು ಮರಗಟ್ಟುವ ಚಳಿ. ಅದಕ್ಕಿಂತ ಹೆಚ್ಚು ಕಾಡಿದ್ದು ಮನೆಯೊಳಗಿನ ಇಂಗ್ಲಿಷು. "ಮಗಳು ಸಾನ್ವಿ ಸಾಲಿಂದ ಬಂದು, ನಾ ಏನ ಕೇಳಿದ್ರೂ ಇಂಗ್ಲಿಷಿನ್ಯಾಗ ಹೇಳಾಕಿ. ನಾ ಅರ್ಧಾ ತಿಳಕೊಂಡು ತಲಿ ಆಡಸ್ತಿದ್ದೆ. ಅಕಿಗೂ ಅದು ಗೊತ್ತಾಗ್ತಿತ್ತು."

ಹಳೆಯ ಸಾಮಾನಿನ ಅಂಗಡಿಯಿಂದ ಆ ಮಗಳೇ ಒಂದು ದಿನ ಅಕ್ಷರದ ಆಟ ತಂದಳು. ತಾಯಿಗೆ ಮೊದಮೊದಲು ಸಿಕ್ಕಿದ್ದು 'ಕ್ಯಾಟ್' ಮಾತ್ರ. ಹೊಸ ಶಬ್ದ ಸಿಕ್ಕಾಗಲೆಲ್ಲ ಅರ್ಥ ಕೇಳುವುದು, ಮರುದಿನ ಅದನ್ನು ಕಾರ್ಖಾನೆಯಲ್ಲಿ ಯಾರ ಮುಂದಾದರೂ ಆಡಿ ನೋಡುವುದು. ಹೀಗೇ ವರ್ಷಗಳು ಕಳೆದವು. ಆಮೇಲೆ ಮಗಳೇ ಸೋಲತೊಡಗಿದಳು. ಇಂಗ್ಲಿಷ್ ಬಂದ ಮೇಲೆ ಆಸ್ಪತ್ರೆಯ ಕೆಲಸವೂ ಸಿಕ್ಕಿತು.

ಬಿಲ್ಲೆಗಳನ್ನು ವಾರ್ಡಿಗೆ ತರಲು ಹೇಳಿದವರು ಅಲ್ಲಿನ ಸ್ಪೀಚ್ ಥೆರಪಿಸ್ಟ್ ಪ್ರಾಚಿ, ಮೈಸೂರಿನ ವೈದ್ಯ ದಂಪತಿಯ ಮಗಳು. "ನನ್ನ ಸೆಷನ್ ಅಂದ್ರೆ ಪೇಷಂಟ್‌ಗಳಿಗೆ ಪರೀಕ್ಷೆ ಥರ. ಆಂಟಿ ಇಟ್ರೆ ಅದು ಆಟ. ಹೆದರಿಕೆ ಹೋದ್ರೆ ಅರ್ಧ ಕೆಲಸ ಆದ ಹಾಗೆ," ಎನ್ನುತ್ತಾರೆ ಪ್ರಾಚಿ.

ಕಳೆದ ಚಳಿಗಾಲದಲ್ಲಿ ನಿವೃತ್ತ ಬಸ್ ಚಾಲಕರೊಬ್ಬರು ದಾಖಲಾದರು. ಮಾತು ನಿಂತಿತ್ತು, ಬಲಗೈ ಸ್ವಾಧೀನ ತಪ್ಪಿತ್ತು. ಆಮೇಲೆ ಊಟವನ್ನೂ ಬಿಟ್ಟರು. ತಟ್ಟೆ ಇಟ್ಟರೆ ತಳ್ಳುತ್ತಿದ್ದರು. ಬದುಕುವ ಆಸೆ ಹೋಗಿದೆಯೆಂದು ಎಲ್ಲರೂ ಅಂದುಕೊಂಡರು. ಮೂಗಿನಲ್ಲಿ ನಳಿಕೆ ಹಾಕುವ ಮಾತು ನಡೆದಿತ್ತು.

ಒಂದು ಮಧ್ಯಾಹ್ನ ಚನ್ನಬಸವ್ವ ಆ ಚಾಲಕರ ಮುಂದೆ ನಾಲ್ಕು ಬಿಲ್ಲೆ ಇಟ್ಟರು: ಟಿ, ಎ, ಎಸ್, ಎಲ್. ಎಡಗೈಯಿಂದ ಅವರು ನಿಧಾನವಾಗಿ ಜೋಡಿಸಿದರು. 'ಲಾಸ್ಟ್'. ಕೊನೆ. ಪಕ್ಕದಲ್ಲಿದ್ದ ಅವರ ಮಗಳು ಮುಖ ಮುಚ್ಚಿಕೊಂಡಳು.

"ನಾನೂ ಹಂಗ ತಿಳಕೊಂಡೆ. ಆದ್ರ ಅವರ ಕೈ ಇನ್ನೂ ಬಿಲ್ಲೆ ಮ್ಯಾಲೇ ಇತ್ತು. ತಡಿಯವ್ವಾ, ಇನ್ನೂ ಮುಗದಿಲ್ಲ ಅಂತ ಆ ಹುಡುಗಿಗೆ ಇಂಗ್ಲಿಷಿನ್ಯಾಗ ಹೇಳಿದೆ."

ಮುಗಿದಿರಲಿಲ್ಲ. ಅವರು 'ಎಸ್' ಅನ್ನು ಎಲ್ಲಕ್ಕಿಂತ ಮೊದಲಿಗೆ ತಳ್ಳಿದರು. 'ಎ' ಮತ್ತು 'ಎಲ್' ಜಾಗ ಬದಲಿಸಿದವು. 'ಸಾಲ್ಟ್'. ಉಪ್ಪು. ಆಮೇಲೆ ತಣ್ಣಗಾಗಿದ್ದ ಸೂಪಿನತ್ತ ಬೆರಳು ತೋರಿಸಿ ಮುಖ ಕಿವುಚಿದರು. ಅಳುತ್ತಿದ್ದ ಮಗಳು ಅಳುತ್ತಲೇ ನಕ್ಕಳು.

ಉಪ್ಪು ಅವರಿಗೆ ಹೆಚ್ಚು ಕೂಡದು. ಪ್ರಾಚಿ ಆಹಾರ ತಜ್ಞರನ್ನು ಕೇಳಿ ಚಿಟಿಕೆ ಉಪ್ಪಿಗೆ ಒಪ್ಪಿಗೆ ಪಡೆದರು. ಜೊತೆಗೆ ನಿಂಬೆರಸ, ಮೆಣಸಿನ ಪುಡಿ. ಅಂದು ಅರ್ಧ ಬಟ್ಟಲು ಖಾಲಿಯಾಯಿತು. ನಳಿಕೆಯ ಮಾತು ಮತ್ತೆ ಬರಲಿಲ್ಲ. ಈಗ ಅವರು ಮನೆಯಲ್ಲಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ, ತಡವರಿಸುತ್ತ ಮಾತಾಡುತ್ತಾರೆ. ಮಗಳ ಅಡುಗೆಗೂ ಉಪ್ಪು ಸಾಲದಂತೆ.

ಚನ್ನಬಸವ್ವನವರಿಗೆ ಈಗ ಇನ್ನೊಂದು ಆಸೆ. ಈಚೆಗೆ ಕಲಬುರಗಿಯ ಅಜ್ಜಿಯೊಬ್ಬರು ಅದೇ ವಾರ್ಡಿಗೆ ಬಂದಿದ್ದರು. ಮಾತು ಹೋಗಿತ್ತು, ಇಂಗ್ಲಿಷ್ ಬಾರದು, ಹಾಗಾಗಿ ಆ ಬಿಲ್ಲೆ ಇಡುವಂತಿರಲಿಲ್ಲ. ಸುಮ್ಮನೆ ಕೈ ಹಿಡಿದು ಕೂತೆ ಎನ್ನುತ್ತಾರೆ. ಅಂದಿನಿಂದ ರಜೆಯ ದಿನ ಗಂಡ ಹೆಂಡತಿ ರಟ್ಟು ಕತ್ತರಿಸಿ ಕನ್ನಡದ ಬಿಲ್ಲೆ ಮಾಡುತ್ತಿದ್ದಾರೆ.

"ಸ್ವರ ಆದವು, ಕಾಗುಣಿತಾನೂ ಹೆಂಗೋ ಆತು. ಒತ್ತಕ್ಷರ ಎಲ್ಲಿ ಕೂಡಸೂದು ಅನ್ನೂದ ತಿಳಿವಲ್ದು," ಎಂದು ರಟ್ಟಿನ ಚೂರುಗಳನ್ನು ಸರಿಸಿ ನೋಡುತ್ತಾರೆ. "ಇಂಗ್ಲಿಷಿನ್ಯಾಗ ಏನ ಕೊಟ್ರೂ ಹುಡುಕಿ ತಗೀತೀನ್ರಿ. ಇದರಾಗ ನನ್ನ ಹೆಸರ ಇನ್ನೂ ಕೂಡವಲ್ದು."