ಮಾದೇವಮ್ಮನ ಬೆಳ್ಳಿ ಚಮಚ

ಮಂಡಿ ಮೊಹಲ್ಲಾದ ಒಂದು ಸಂದಿಯಲ್ಲಿ ಏಕಾಂತಯ್ಯನ ಕುಲುಮೆ ಇತ್ತು. ಹಂಡೆ, ಕೊಳಗ ಬಡಿಯುವವರು ಸಂದಿಯ ಆ ತುದಿಯಲ್ಲಿದ್ದರು. ಇವನದು ಸಣ್ಣ ಸಾಮಾನು. ಸೌಟು, ಚಮಚ, ನಾಲಿಗೆ ಉಜ್ಜುವ ತಾಮ್ರದ ಪಟ್ಟಿ, ಇಂಥವು. ಬಡಿದು ಮಾಡುವುದು ಅವನು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಜಗಲಿಯ ಮೇಲೆ ಜೋಡಿಸಿ ಮಾರುವುದು ಹೆಂಡತಿ ಮಾದೇವಮ್ಮ. ಮಾತಿನಲ್ಲಿ ಅವಳನ್ನು ಗೆದ್ದ ಗಿರಾಕಿ ಇಲ್ಲವೆಂದು ಸಂದಿಯವರು ಹೇಳುತ್ತಿದ್ದರು.

ಐವತ್ತನಾಲ್ಕನೇ ಇಸವಿಯ ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ, ಅಂಗಳ ಸಾರಿಸುತ್ತಿದ್ದ ಮಾದೇವಮ್ಮ ಅಲ್ಲೇ ಕುಸಿದಳು. ದೊಡ್ಡಾಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ, ಬಲಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು. ಮಾತು ಒಂದೊಂದೇ ಪದವಾಗಿ, ತೊದಲುತ್ತಾ ಬರುತ್ತಿತ್ತು. ಲಕ್ವ ಹೊಡೆದಿತ್ತು.

ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಏಕಾಂತಯ್ಯನನ್ನು ಪಕ್ಕಕ್ಕೆ ಕರೆದಿದ್ದರು. "ಬಲಗೆನ್ನೆ ಒಳಗೆ ಅನ್ನ ಸೇರ್ಕೊಂಡ್ರೆ ಇವರಿಗೆ ಗೊತ್ತಾಗಲ್ಲ. ಉಂಡಾದ ಮೇಲೆ ಪ್ರತಿ ಸಲ ತೆಗೆದು ಶುದ್ಧ ಮಾಡ್ಬೇಕು. ಇಲ್ದಿದ್ರೆ ಹಲ್ಲೆಲ್ಲ ಹುಳುಕಾಗುತ್ತೆ. ಮಲಗಿದ್ದಾಗ ಗಂಟಲಿಗೆ ಜಾರಿದ್ರೆ ಜೀವಕ್ಕೇ ಅಪಾಯ."

ಏಕಾಂತಯ್ಯ ಹಾಗೆಯೇ ಮಾಡಿದ. ತುತ್ತು ಕಲಸಿ ಉಣ್ಣಿಸಿದ, ಆಮೇಲೆ ತನ್ನ ಬೆರಳನ್ನು ಅವಳ ಕೆನ್ನೆಯೊಳಗೆ ಆಡಿಸಿ ಉಳಿದ ಅಗುಳು ತೆಗೆದ. ಕುಲುಮೆಯಲ್ಲಿ ದಪ್ಪಗಾದ ಬೆರಳು ಅದು. ಮಾದೇವಮ್ಮ ಕಣ್ಣು ಮುಚ್ಚಿಕೊಂಡು ಸಹಿಸುತ್ತಿದ್ದಳು. ಒಂದು ದಿನ ಬಾಯಿಯನ್ನೇ ತೆರೆಯಲಿಲ್ಲ.

"ಬ್ಯಾಡ," ಎಂದಳು.

"ಬ್ಯಾಡ ಅಂದ್ರೆ ಎಂಗೆ ಮಾದೇವಿ?"

"ನಾನೇ," ಎಂದಳು.

ಅವಳೇ ಮಾಡಿಕೊಳ್ಳಲಿ ಎಂದು ಅವನು ತಟ್ಟೆಯ ಪಕ್ಕ ಒಂದು ಚಮಚ, ಒಂದು ನಾಲಿಗೆ ಪಟ್ಟಿ, ಮೊಂಡು ಮಾಡಿದ ಒಂದು ಹಲ್ಲುಕಡ್ಡಿ ಇಟ್ಟ. ಅವಳಿಗೆ ಉಳಿದಿದ್ದು ಎಡಗೈ, ಅದೂ ಅಭ್ಯಾಸವಿಲ್ಲದ ಕೈ. ಚಮಚ ಕೆಳಗಿಟ್ಟು ಪಟ್ಟಿ ಹುಡುಕಬೇಕು. ತೆಳ್ಳಗಿನ ಪಟ್ಟಿ ನೆಲಕ್ಕೆ ಅಂಟಿಕೊಂಡಂತಿರುತ್ತಿತ್ತು, ಉಗುರಿಗೆ ಸಿಗುತ್ತಿರಲಿಲ್ಲ. ಕಡ್ಡಿ ಉರುಳಿ ಹೋಗುತ್ತಿತ್ತು. ಅಷ್ಟರಲ್ಲಿ ಅನ್ನ ತಣ್ಣಗಾಗುತ್ತಿತ್ತು. ಒಮ್ಮೆ ಮೂರನ್ನೂ ಅಂಗಳಕ್ಕೆ ಎಸೆದು ಗೋಡೆಯ ಕಡೆ ತಿರುಗಿ ಕೂತಳು. ಏಕಾಂತಯ್ಯ ಹೆಕ್ಕಿಕೊಂಡು ಬಂದು, ತೊಳೆದು, ಮತ್ತೆ ಅಲ್ಲೇ ಇಟ್ಟ.

ಕೆಲವು ದಿನ ಕಳೆದು, ಮಧ್ಯಾಹ್ನ ಇದ್ದಿಲ ಮೂಟೆ ತೆಗೆದುಕೊಂಡು ಬಂದವನು ಬಾಗಿಲಲ್ಲೇ ನಿಂತ. ಮಾದೇವಮ್ಮ ಹಳೇ ಸೀರೆಯ ಅಂಚು ಹರಿದು, ಚಮಚದ ಹಿಡಿಯ ತುದಿಗೆ ನಾಲಿಗೆ ಪಟ್ಟಿಯನ್ನು ಸುತ್ತಿ ಕಟ್ಟಿದ್ದಳು. ಒಂದೇ ಕೈಯಲ್ಲಿ ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದಿದ್ದಳು.

"ನೋಡಿ," ಎಂದಳು.

ಸಾರನ್ನದ ಒಂದು ತುತ್ತು ಚಮಚದಲ್ಲಿ ಬಾಯಿಗೆ ಹೋಯಿತು. ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಕೈಯನ್ನು ಕೆಳಗಿಳಿಸಲೇ ಇಲ್ಲ. ಮಣಿಕಟ್ಟು ತಿರುಗಿಸಿದಳು, ಅಷ್ಟೇ. ಹಿಡಿಯ ಇನ್ನೊಂದು ತುದಿ ಕೆನ್ನೆಯೊಳಗೆ ಹೋಗಿ, ಸಿಕ್ಕಿಕೊಂಡಿದ್ದ ಅಗುಳನ್ನು ಗೋರಿ ತಂದಿತು. ಇಡುವುದೂ ಇಲ್ಲ, ಹುಡುಕುವುದೂ ಇಲ್ಲ.

ಏಕಾಂತಯ್ಯ ಇದ್ದಿಲ ಮೂಟೆ ಇಳಿಸುವುದನ್ನೂ ಮರೆತು ಹೊಸ್ತಿಲ ಮೇಲೆ ಕೂತುಬಿಟ್ಟ. ಅಪ್ಪನ ಕಾಲದಿಂದ ಚಮಚ ಮತ್ತು ಪಟ್ಟಿ ಎರಡನ್ನೂ ಒಂದೇ ಬಡಿಗಲ್ಲಿನ ಮೇಲೆ ಬಡಿದವನು ಅವನು. ಅವೆರಡೂ ಒಂದಾಗಬಹುದೆಂದು ಎಂದೂ ಹೊಳೆದಿರಲಿಲ್ಲ. ಮಾತು ಕಳೆದುಕೊಂಡವಳು, ಅರ್ಧ ಮೈ ಕಳೆದುಕೊಂಡವಳು, ಗೋಡೆ ನೋಡುತ್ತಾ ಕೂತು ಇದನ್ನು ಯೋಚಿಸಿದ್ದಳು. ದೇವರ ಮುಂದೆ ನಿಂತಾಗ ಬರುವಂಥ ಒಂದು ಭಯಭಕ್ತಿ ಅವನ ಎದೆಯಲ್ಲಿ ತುಂಬಿತು.

ಪಕ್ಕದ ಮನೆಯ ಅಂಬುಜಮ್ಮನಿಗೆ ಇದು ಸರಿಬರಲಿಲ್ಲ. "ಉಣ್ಣೋ ಚಮಚಕ್ಕೆ ನಾಲಿಗೆ ತಿಕ್ಕೋದನ್ನ ಯಾರಾದ್ರೂ ಕಟ್ತಾರ ಏಕಾಂತಯ್ನೋರೆ? ಎಂಜಲು ಮುಸುರೆ ಅನ್ನೋದು ಬ್ಯಾಡ್ವ?" ಎಂದು ಕೇಳಿದರು.

ಕೇಳಿದ್ದು ತಪ್ಪಾಗಿರಲಿಲ್ಲ. ಏಕಾಂತಯ್ಯನಿಗೂ ಒಳಗೊಳಗೆ ಅದೇ ಅಳುಕಿತ್ತು. ಉಣ್ಣುವ ತುದಿಗೆ ಈ ತುದಿ ಸೋಕದ ಹಾಗೆ ಏನಾದರೂ ಮಾಡಬೇಕು, ಕೆನ್ನೆಗೆ ಗೀರಬಾರದು, ಒಂದೇ ಕೈಗೆ ಬಗ್ಗಬೇಕು. ಹೇಗೆಂದು ತಿಳಿಯಲು ಅವನು ತನ್ನ ಬಲಗೈಯನ್ನು ಪಂಚೆಯಿಂದ ಮೈಗೆ ಕಟ್ಟಿಕೊಂಡು, ಕೆನ್ನೆಯೊಳಗೆ ಅರಳೆ ತುಂಬಿಕೊಂಡು, ಎಡಗೈಯಲ್ಲಿ ಉಣ್ಣಲು ಕೂತ. ಅರ್ಧ ಅನ್ನ ಎದೆಯ ಮೇಲೆ ಬಿತ್ತು. ಭುಜ ಸೋತಿತು. ತಟ್ಟೆ ಖಾಲಿಯಾಗುವ ಮೊದಲೇ ಹಸಿವು ಹೋಗಿ ಅಳು ಬಂತು. ಮಾದೇವಮ್ಮ ಎದುರಿಗೇ ಕೂತು ನೋಡುತ್ತಿದ್ದಳು.

"ದಿನಾ ಇಷ್ಟು ಕಷ್ಟಾನ?" ಎಂದು ಕೇಳಿದ.

ಅವಳು ತಲೆಯಾಡಿಸಿದಳು. ಆಮೇಲೆ ಎಡಗೈಯಿಂದ ಅವನ ಎದೆಯ ಮೇಲಿನ ಅಗುಳುಗಳನ್ನು ಒರೆಸಿದಳು.

ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಹತ್ತುತ್ತದೆ. ಯಾವ ಲೋಹದಲ್ಲಿ ಮಾಡಲಿ ಎಂದು ಅವನು ಯೋಚಿಸುತ್ತಿದ್ದಾಗ ಮಾದೇವಮ್ಮ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. ಒಳಗೆ ಮದುವೆಯಲ್ಲಿ ತವರಿನವರು ಕೊಟ್ಟ, ಸೊಂಟಕ್ಕೆ ಕಟ್ಟುವ ಬೆಳ್ಳಿ ಡಾಬು ಇತ್ತು. ಅವನು ಬೇಡವೇ ಬೇಡ ಎಂದ.

ಅವಳು ತೋಳನ್ನು ಎತ್ತಿ, ಸೊಂಟದ ಸುತ್ತ ತರಲು ನೋಡಿ, ಬಿಟ್ಟಳು. "ಒಂದೇ... ಕೈ," ಎಂದಳು. "ಕರಗ್ಸಿ."

ಬೆಳ್ಳಿ ಕರಗಿತು. ಹಿಡಿಯನ್ನು ಒಳಗೆ ಟೊಳ್ಳು ಬಿಟ್ಟು, ಅಂಗೈ ತುಂಬುವಷ್ಟು ದಪ್ಪ ಮಾಡಿದ. ಮಡಿಚುವ ಚಾಕುವಿನಲ್ಲಿ ಅಲಗು ಅಡಗುವಂತೆ, ಆ ಟೊಳ್ಳಿನಲ್ಲಿ ಒಂದು ಬಾಗಿದ ಪಟ್ಟಿಯೂ ಉಂಡೆ ತುದಿಯ ಒಂದು ಕಡ್ಡಿಯೂ ಅಡಗಿದವು. ಹೆಬ್ಬೆರಳಿನಿಂದ ತಳ್ಳಿದರೆ ಹೊರಗೆ. ಬಿಸಿನೀರಿನ ಲೋಟದಲ್ಲಿ ಅದ್ದಿ ಜಾಲಾಡಿ ತಳ್ಳಿದರೆ ಒಳಗೆ. ಮಾಡಿ ಕೊಟ್ಟಾಗಲೆಲ್ಲ ಅವಳು "ಇಲ್ಲ" ಎನ್ನುತ್ತಿದ್ದಳು; ಎಲ್ಲಿ ಚುಚ್ಚುತ್ತದೆ, ಎಲ್ಲಿ ಜಾರುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಅವನು ಮತ್ತೆ ಕಾಯಿಸಿ ಬಗ್ಗಿಸುತ್ತಿದ್ದ. ಕೊನೆಗೊಂದು ಸಂಜೆ ಅವಳು "ಇಲ್ಲ" ಎನ್ನದೆ ಪೂರ್ತಿ ಊಟ ಮುಗಿಸಿ, ಬಾಯಿ ಶುದ್ಧ ಮಾಡಿಕೊಂಡು, ಲೋಟದ ನೀರು ಚೆಲ್ಲಲು ಅವನ ಕೈಗೆ ಕೊಟ್ಟಳು.

ಮರುವರ್ಷ ಬೋಗಾದಿಯಲ್ಲಿ ಅವಳ ಅಣ್ಣನ ಮಗಳ ಮದುವೆ. ಮಾದೇವಮ್ಮ ಒಳಗೆ ಬೇರೆಯಾಗಿ ಉಣ್ಣಲು ಒಪ್ಪಲಿಲ್ಲ, ಪಂಕ್ತಿಯಲ್ಲೇ ಕೂತಳು. ಎಡಗೈಯಲ್ಲಿ ಚಮಚ ತೆಗೆದಾಗ ಅಕ್ಕಪಕ್ಕದವರು ಬಗ್ಗಿ ನೋಡಿದರು. ಪಾಯಸ ಒಂದು ತೊಟ್ಟೂ ಚೆಲ್ಲದೆ ಬಾಯಿಗೆ ಹೋಯಿತು. ಉಂಡಾದ ಮೇಲೆ ಹೆಬ್ಬೆರಳಿನಿಂದ ತಳ್ಳಿದಳು. ಬೆಳ್ಳಿಯ ಹಿಡಿಯಿಂದ ಪಟ್ಟಿ ಹೂವಿನ ಎಸಳಿನಂತೆ ಹೊರಬಂತು. ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ನಿಂತರು. ಮುಸುರೆಯ ಮಾತಾಡಿದ್ದ ಅಂಬುಜಮ್ಮನೂ ಆ ಮದುವೆಗೆ ಬಂದಿದ್ದರು. ಅವರೇ ಎದ್ದು ಬಿಸಿನೀರು ತಂದಿಟ್ಟರು.

ಎದುರು ಸಾಲಿನಲ್ಲಿದ್ದ ಮರಿಯಯ್ಯ ಎಂಬ ಮುದುಕರು ಎಲೆ ಬಿಟ್ಟು ಬಂದು ಏಕಾಂತಯ್ಯನ ಪಕ್ಕ ಕೂತರು. "ನಮ್ಮಣ್ಣಂಗೂ ಇದೇ ರೋಗ ಕಣಪ್ಪ. ಬಾಯಿಗೆ ಯಾರನ್ನೂ ಕೈ ಹಾಕಕ್ಕೆ ಬುಡಲ್ಲ, ಅನ್ನಾನೂ ಬುಟ್ಟವ್ನೆ. ಅವಂಗೂ ಒಂದ್ ಮಾಡ್ಕೊಟ್ಟೀಯ?"

"ಮಾಡೋದು ನಾನು," ಎಂದ ಏಕಾಂತಯ್ಯ. "ಎಂಗೆ ಮಾಡ್ಬೇಕು ಅನ್ನೋದು ಅವ್ಳಿಗೆ ಗೊತ್ತು. ಅವ್ಳನ್ನ ಕೇಳಿ."

ಮಾದೇವಮ್ಮ ಕೋಲೂರಿಕೊಂಡು ಮರಿಯಯ್ಯನವರ ಅಣ್ಣನ ಮನೆಗೆ ಹೋದಳು. ಮಂಚದ ಮೇಲಿದ್ದ ಮುದುಕ ಅವಳ ಜೋತ ಬಾಯಿಯನ್ನು ನೋಡಿದ, ಅವಳು ಅವನದನ್ನು ನೋಡಿದಳು. ಇಬ್ಬರಿಗೂ ಹೆಚ್ಚು ಮಾತು ಬೇಕಾಗಲಿಲ್ಲ. ಅವನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ, ಎಷ್ಟು ದಪ್ಪದ ಹಿಡಿ ಬೇಕೆಂದು ಗಂಡನಿಗೆ ತೋರಿಸಿದಳು.

ಆಮೇಲೆ ಯಾದವಗಿರಿಯಿಂದ, ಲಷ್ಕರ್ ಮೊಹಲ್ಲಾದಿಂದ ಜನ ಬಂದರು. ಕೈ ನಡುಗುವವರು, ಬೆರಳಿಲ್ಲದವರು, ಅರ್ಧ ಮೈ ಸ್ವಾಧೀನ ತಪ್ಪಿದವರು. ಒಂದು ಚಮಚ ಇನ್ನೊಂದರಂತೆ ಇರಲಿಲ್ಲ. ಮಾದೇವಮ್ಮ ಮತ್ತೆ ಜಗಲಿಯ ಮೇಲೆ ಕೂರತೊಡಗಿದಳು. ಮಾತು ಪೂರ್ತಿ ಬರಲೇ ಇಲ್ಲ. ಆದರೂ ಬಂದವರು ಗಂಟೆಗಟ್ಟಲೆ ಅವಳ ಹತ್ತಿರ ಮಾತಾಡಿ ಹೋಗುತ್ತಿದ್ದರು.

ಅರವತ್ತಮೂರನೇ ಇಸವಿಯ ಸಂಕ್ರಾಂತಿಯ ದಿನ ಬೀದಿಯವರು ಎಳ್ಳುಬೆಲ್ಲದ ಜೊತೆ ಕಬ್ಬಿನ ಜಲ್ಲೆ ತಂದುಕೊಟ್ಟರು. ಮಾದೇವಮ್ಮ ಒಂದು ತುಂಡನ್ನು ಎಡಗೈಯಲ್ಲಿ ಹಿಡಿದು, ಬಾಯಿಗಿಟ್ಟು, ಸಿಪ್ಪೆಯನ್ನು ಕಚ್ಚಿ ಸರ್ರನೆ ಸುಲಿದಳು. ಅವಳ ವಾರಿಗೆಯವರಲ್ಲಿ ಎಷ್ಟೋ ಜನಕ್ಕೆ ಆಗಲೇ ಬೊಚ್ಚುಬಾಯಿ. ಏಕಾಂತಯ್ಯ ಸುತ್ತಿಗೆ ಕೆಳಗಿಟ್ಟು, ಆ ಹಲ್ಲುಗಳನ್ನೇ ನೋಡುತ್ತಾ ನಿಂತ. ಅವಳು ರಸ ಹೀರಿ, ಇನ್ನೊಂದು ತುಂಡನ್ನು ಅವನ ಕಡೆ ಚಾಚಿದಳು.