ಶ್ರಾವಣದಲ್ಲಿ ನಾಯಿಯ ಹಲ್ಲು

ನಾನು ನಾಯಿಯ ಹಲ್ಲು ತಿಕ್ಕುವುದನ್ನು ನೋಡಿ ನೀವೆಲ್ಲ ನಗುತ್ತೀರಿ. ನಗಿರಿ. ಆದರೆ ಅದು ಹೇಗೆ ನನ್ನ ಪಾಲಿಗೆ ಬಂತು ಎಂಬುದು ನಿಮಗೆ ಪೂರ್ತಿ ಗೊತ್ತಿಲ್ಲ. ನೀವು ಸಾಲೆಗೆ ಹೋದ ಮೇಲೆ ಮನೆಯಲ್ಲಿ ಬಹಳ ನಡೆಯುತ್ತದೆ. ಎದುರಿಗೆ ಕೂತು ಹೇಳೋಣವೆಂದರೆ ನಾಲ್ಕು ಮಂದಿ ನನ್ನ ಮುಖ ನೋಡಿದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ತಿಕೋಟಾ ಬಿಟ್ಟು ಅಥಣಿ ರಸ್ತೆಯ ಈ ಮನೆಗೆ ಬಂದೆ. ನಿಮ್ಮ ಅಪ್ಪ ಅವ್ವ, ಅಂದರೆ ನನ್ನ ಮಗ ಸೊಸೆ, ನನಗೆಂದೇ ಒಂದು ಕೋಣೆ ಕೊಟ್ಟರು. ಮಂಚ, ಫ್ಯಾನು, ಕಿಟಕಿಗೆ ಪರದೆ, ಎಲ್ಲ ಇತ್ತು. ಆದರೆ ಹುಟ್ಟಿದಾಗಿನಿಂದ ನಾನು ಒಬ್ಬಳೇ ಮಲಗಿದವಳಲ್ಲ. ತವರಿನಲ್ಲಿ ಅಕ್ಕತಂಗಿಯರ ಸಾಲು, ಗಂಡನ ಮನೆಯಲ್ಲಿ ಅತ್ತೆ, ಮಕ್ಕಳು, ಬಾಣಂತನಕ್ಕೆ ಬಂದ ನಾದಿನಿಯರು. ಇಲ್ಲಿ ದೀಪ ಆರಿಸಿ ಮಲಗಿದರೆ ಎದ್ದು ಮತ್ತೆ ಹಚ್ಚುತ್ತಿದ್ದೆ. ಮೊಮ್ಮಕ್ಕಳಿರುವ ಹೆಂಗಸು ಕತ್ತಲೆಗೆ ಅಂಜುತ್ತೇನೆಂದು ಸೊಸೆಗೆ ಹೇಗೆ ಹೇಳುವುದು? ಹೇಳಲಿಲ್ಲ. ಈ ಮನೆಯ ನಾಯಿ ತಾನಾಗಿಯೇ ಬಂದು ನನ್ನ ಮಂಚದ ಕೆಳಗೆ ಮಲಗತೊಡಗಿತು. ಅದರ ಗೊರಕೆ ಥೇಟ್ ನಿಮ್ಮ ಅಜ್ಜನದೇ. ನನಗೆ ನಿದ್ದೆ ಹತ್ತಿತು.

ಗೊರಕೆ ಸರಿ, ಬಾಯಿ ಮಾತ್ರ ಸರಿ ಇರಲಿಲ್ಲ. ಅದು ಆಕಳಿಸಿದರೆ ಪಡಸಾಲೆಯಲ್ಲಿ ಕೂತವರು ಅಂಗಳಕ್ಕೆ ಹೋಗುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಸೊಸೆ ಮೂಗು ಮುಚ್ಚಿಕೊಂಡಳು.

"ಯಪ್ಪಾ, ಇದೇನ ಬಾಯೋ, ಗಟಾರೋ! ಅತ್ತಿ, ನಾಳಿಂದ ಇದನ್ನ ಗೇಟಿನ ಹಂತೇಲಿ ಕಟ್ಟೂದು ನೋಡ್ರಿ. ಮನಿ ಒಳಗ ಬ್ಯಾಡ."

"ಡಾಕ್ಟರಿಗೆ ತೋರಸೂಣವಾ. ಹಲ್ಲು ಬೇಕಾದ್ರ ನಾನ ತಿಕ್ಕತೀನಿ" ಎಂದೆ. ಮಗ ಕುಡಿಯುತ್ತಿದ್ದ ನೀರು ಮೂಗಿನಿಂದ ಬಂತು.

ಪ್ರಾಣಿಗಳ ಡಾಕ್ಟರು ಒಬ್ಬ ಎಳೆಯ ಹೆಣ್ಣುಮಗಳು. ನಾನು ಸೆರಗು ಹೊದ್ದು ಸೊಸೆಯ ಬೆನ್ನ ಹಿಂದೆ ನಿಂತೆ. ಡಾಕ್ಟರು ನಾಯಿಯ ತುಟಿ ಎತ್ತಿ ತೋರಿಸಿದಳು. ಹಿಂದಿನ ದವಡೆ ಹಲ್ಲುಗಳ ಮೇಲೆ ಹಳದಿ ಕಲ್ಲಿನಂತೆ ಕಿಟ್ಟ ಕಟ್ಟಿತ್ತು. ಒಂದು ದಿನ ನಾಯಿಗೆ ಮಂಪರು ಕೊಟ್ಟು ಅದನ್ನೆಲ್ಲ ತೆಗೆದಳು. "ಇನ್ನ ದಿನಾ ಮನ್ಯಾಗ ತಿಕ್ಕಬೇಕ್ರಿ. ಬಿಟ್ರ ಮತ್ತ ಕಟ್ಟತೇತಿ" ಎಂದಳು. ನನ್ನ ಕೆಂಪು ಹಲ್ಲುಪುಡಿ ನಡೆಯುತ್ತದೆಯೋ ಎಂದು ನಾನು ಸೊಸೆಯ ಕಿವಿಯಲ್ಲಿ ಕೇಳಿದೆ. ಡಾಕ್ಟರಿಗೆ ಕೇಳಿಸಿಬಿಟ್ಟಿತು.

"ಬ್ಯಾಡ ಆಯಿ. ಮಂದೀ ಪುಡಿ, ಪೇಸ್ಟು ಯಾವ್ದೂ ಬ್ಯಾಡ. ನಮಗ ಉಗಳಾಕ ಬರ್ತೇತಿ. ನಾಯಿಗಿ ಬರೂದಿಲ್ಲ, ಎಲ್ಲಾ ನುಂಗತೇತಿ. ಒಳಗ ಹೋದ್ರ ಅದಕ್ಕ ಕೆಟ್ಟ."

ನಾಯಿಗೆಂದೇ ಮಾಡಿದ ಪೇಸ್ಟು ಕೊಟ್ಟಳು, ಕೋಳಿಯ ರುಚಿಯದು. ಕೊಳವೆಯ ಮೇಲೆ ಕೆಂಪು ಜುಟ್ಟಿನ ಹುಂಜದ ಚಿತ್ರ. ಮೊದಲ ದಿನ ನಾಯಿಗೆ ಬರೀ ನೆಕ್ಕಲು ಬಿಟ್ಟೆ. ಆಮೇಲೆ ಬೆರಳಿನಿಂದ ಒಸಡು ಸವರಿದೆ. ಆಮೇಲೆ ಚಿಕ್ಕ ಮೆತ್ತನೆಯ ಬ್ರಶ್ಶು. ಸ್ವಲ್ಪ ದಿನಕ್ಕೆ ಅದು ನಾನು ಮುಖ ತೊಳೆಯುವ ಮೊದಲೇ ಬಚ್ಚಲ ಮುಂದೆ ಬಂದು ಕೂತು, ಬಾಲದಿಂದ ನೆಲ ಗುಡಿಸುತ್ತಿತ್ತು. ವಾಸನೆ ಹೋಯಿತು. ಸೊಸೆ ಮಾತ್ರ ಬೆರಳು ತೋರಿಸಿ ಹೇಳಿದ್ದಳು: "ಮತ್ತ ವಾಸನಿ ಬಂತಂದ್ರ ಗೇಟು."

ಅಷ್ಟರಲ್ಲಿ ಶ್ರಾವಣ ಬಂತು.

ನಮ್ಮದು ಕುರಿ ಕೋಳಿ ತಿನ್ನುವ ಮನೆ. ಆದರೆ ಶ್ರಾವಣ ಹಿಡಿದರೆ ಅದರ ಹೆಸರೂ ಎತ್ತುವಂತಿಲ್ಲ. ಹಿಂದಿನ ದಿನ ಅಮಾವಾಸ್ಯೆಗೆ ಮನೆ ಸಾರಿಸಿ, ಬಾಡು ಬೇಯಿಸುವ ಪಾತ್ರೆಗಳನ್ನು ತಿಕ್ಕಿ ಅಟ್ಟಕ್ಕೆ ಏರಿಸುವುದು ನನ್ನ ಅತ್ತೆ ಹಾಕಿಕೊಟ್ಟ ರೂಢಿ. ಅವತ್ತು ಬಚ್ಚಲು ತೊಳೆಯುವಾಗ ಪೇಸ್ಟಿನ ಹುಂಜ ನನ್ನನ್ನೇ ನೋಡಿತು. ಕೊಳವೆ ಹಿಡಿದು ಸೊಸೆಯ ಹತ್ತಿರ ಹೋದೆ.

"ಅದರಾಗ ಕೋಳಿ ಇಲ್ರಿ ಅತ್ತಿ. ಬರೇ ರುಚಿ" ಎಂದಳು ಸೊಸೆ.

"ಕೋಳಿ ಇಲ್ದ ಕೋಳಿ ರುಚಿ ಎಲ್ಲಿಂದ ಬಂತವ್ವಾ?"

ಪೇಸ್ಟೂ ಬಾಡಿನ ಪಾತ್ರೆಗಳ ಜೊತೆ ಅಟ್ಟ ಏರಿತು.

ನಾಯಿಗೆ ಶ್ರಾವಣ ತಿಳಿಯಬೇಕಲ್ಲ! ಮಾರನೆಯ ದಿನ ಬರೀ ನೀರಿನ ಬ್ರಶ್ಶು ಮೂಸಿ ನೋಡಿತು, ನನ್ನ ಮುಖ ನೋಡಿತು, ದವಡೆ ಬಿಗಿದು ಹೊರಟುಹೋಯಿತು. ಅದರ ಮಾರನೆಯ ದಿನವೂ ಅದೇ. ನಾನು ಬೇಡಿಕೊಂಡೆ, ಬೈದೆ, ಏನೂ ನಡೆಯಲಿಲ್ಲ. ಮೂರನೆಯ ದಿನಕ್ಕೇ ಮಂಚದ ಕೆಳಗಿನಿಂದ ಹಳೆಯ ವಾಸನೆ ಸಣ್ಣಗೆ ಏಳತೊಡಗಿತು. ನಾನು ಕೋಣೆಯಲ್ಲಿ ಊದಿನಕಡ್ಡಿ ಹಚ್ಚತೊಡಗಿದೆ.

"ಏನತ್ತಿ, ದಿನಕ್ಕ ಎಷ್ಟ ಸಲ ಹಚ್ಚತೀರಿ?"

"ಶ್ರಾವಣ ಅಲ್ಲೇನವಾ" ಎಂದೆ.

ನಾಗರ ಪಂಚಮಿಯ ಹಿಂದಿನ ದಿನ ನನ್ನನ್ನು ತವರಿಗೆ ಕರೆದೊಯ್ಯಲು ಬಬಲೇಶ್ವರದಿಂದ ತಮ್ಮ ಬಂದ. ಎಷ್ಟು ವಯಸ್ಸಾದರೂ ಪಂಚಮಿಗೆ ಅಕ್ಕನನ್ನು ಕರೆಯುವುದು ಅವನು ಬಿಟ್ಟಿಲ್ಲ. ಅವನಿಗೆ ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವುದೇ ದೊಡ್ಡಸ್ತಿಕೆ. ನನ್ನ ಪಾಡು ಕೇಳಿ ಮೀಸೆ ತಿರುವಿದ.

"ಇಷ್ಟಕ್ಕ ಅಳ್ತಿಯಲ್ಲ ಯಕ್ಕಾ! ಎಂಥೆಂಥಾ ಹೋರಿ ಬಾಯಿ ತೆರದೇನಿ. ಇದ್ಯಾವ ಲೆಕ್ಕ?"

"ಲೇ ತಮ್ಮಾ, ಅದು ಹೋರಿ ಅಲ್ಲೋ."

ಅವನು ಕೇಳಲಿಲ್ಲ. ನಾಯಿಯನ್ನು ಎರಡು ಮೊಣಕಾಲ ನಡುವೆ ಹಿಡಿದು, ಎತ್ತಿಗೆ ಮಾಡುವಂತೆ ಬಾಯಿಯ ಮೂಲೆಯಲ್ಲಿ ಬೆರಳು ತೂರಿಸಿ ನಾಲಿಗೆ ಹಿಡಿದು ಪಕ್ಕಕ್ಕೆ ಎಳೆದ. ಬಾಯಿ ತೆರೆಯಿತು. "ಅರೇ, ಇದಕ್ಕ ಮ್ಯಾಲೂ ಮುಂದಿನ ಹಲ್ಲ ಅದಾವಲ್ಲ!" ಎಂದು ಬೆರಗಾಗಿ ಬಗ್ಗಿದ. ಎತ್ತಿಗೆ ಅವು ಇರುವುದಿಲ್ಲ. ಅಷ್ಟರಲ್ಲಿ ನಾಲಿಗೆ ಕೈಯಿಂದ ಜಾರಿತು. ಪಾಪದ ನಾಯಿ ಕಚ್ಚಲಿಲ್ಲ. ಅವನ ಗದ್ದದಿಂದ ರುಮಾಲಿನವರೆಗೆ ಒಮ್ಮೆ ಚೆನ್ನಾಗಿ ನೆಕ್ಕಿತು.

"ಯಪ್ಪೋ! ಯಕ್ಕಾ, ಇದರ ಬಾಯಾಗ ಏನ ಸತ್ತೇತಿ ಬೇ?"

ಪಕ್ಕದ ಊರು ತೊರವಿಗೂ ಕೇಳಿಸುವಂಥ ದನಿ ಅವನದು. ಸೊಸೆ ಅಡುಗೆಮನೆಯಿಂದ ಬಂದಳು. ಊದಿನಕಡ್ಡಿ ನೋಡಿದಳು, ನನ್ನನ್ನು ನೋಡಿದಳು. "ಅತ್ತಿ, ನೀವು ಪಂಚಮಿ ಮುಗಿಸಿಕೊಂಡ ಬರ್ರಿ. ಅಷ್ಟರಾಗ ಗೇಟಿನ ಹಂತೇಲಿ ಇದಕ್ಕೊಂದ ಗೂಡ ಮಾಡಸ್ತೀನಿ" ಎಂದಳು.

ಕೋಣೆಗೆ ಹೋಗಿ ಬಾಗಿಲು ಹಾಕಿ, ನಾನೇ ಡಾಕ್ಟರಿಗೆ ಫೋನು ಮಾಡಿದೆ. ಹೊರಗಿನವರಿಗೆ ನಾನಾಗಿ ಫೋನು ಮಾಡಿದ್ದು ಅದೇ ಮೊದಲು.

"ಡಾಕ್ಟರಬಾಯಿ, ಶ್ರಾವಣಕ್ಕ ನಡಿಯೂವಂಥಾ ಪೇಸ್ಟ ಐತೇನ್ರಿ?"

"ಶ್ರಾವಣ ಯಾರು ಮಾಡ್ತಾರ ಆಯಿ? ನೀವೋ, ನಾಯೋ?"

"ನಾವ್ರಿ. ನಾಯಿ ನಮ್ಮ ಮನ್ಯಾಗ ಐತೆಲ್ರಿ."

ಡಾಕ್ಟರು ಮನಸಾರೆ ನಕ್ಕು, ಆಮೇಲೆ ತಿಳಿಸಿ ಹೇಳಿದಳು. ಪೇಸ್ಟು ಬರೀ ಆಸೆ ಹಚ್ಚಲು, ಕೆಲಸವೆಲ್ಲ ತಿಕ್ಕುವುದರದೇ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿದರೂ ಸಾಕು. ಬಾಯಿ ತೆರೆಯಬೇಕಾಗಿಲ್ಲ, ತುಟಿ ಎತ್ತಿ ಹಲ್ಲಿನ ಹೊರಮಗ್ಗಲು ತಿಕ್ಕಬೇಕು. ಉಪ್ಪು, ಖಾರ, ಉಳ್ಳಾಗಡ್ಡಿ ಬೀಳದ ಏನಾದರೂ ರುಚಿ ತೋರಿಸಿ ನೋಡಿರಿ ಎಂದಳು.

ಒಲೆಯ ಮೇಲೆ ಕಡುಬಿನ ಹೂರಣಕ್ಕೆ ಬೇಳೆ ಕುದಿಯುತ್ತಿತ್ತು. ನಾಯಿ ಅದನ್ನೇ ನೋಡುತ್ತ ಕೂತಿತ್ತು. ಬೆಲ್ಲ ಹಾಕುವ ಮೊದಲು ಒಂದು ಬಟ್ಟಲು ಕಟ್ಟು, ಅಂದರೆ ಬೇಳೆ ಬೆಂದ ನೀರು, ಬಸಿದು ಆರಿಸಿದೆ. ಹಳೆಯ ಧೋತರದ ಚೂರು ಬೆರಳಿಗೆ ಸುತ್ತಿ ಅದ್ದಿದೆ. ತುಟಿ ಎತ್ತಿದರೆ ನಾಯಿ ಸುಮ್ಮನೆ ಕಣ್ಣು ಮುಚ್ಚಿತು. ಬಲಗಡೆ ತಿಕ್ಕಿದೆ, ಎಡಗಡೆ ತಿಕ್ಕಿದೆ.

"ಆತಲ್ಲ. ಇನ್ನ ಚೀಲಾ ತಗೋ, ಬಸ್ಸಿನ ಹೊತ್ತಾತು" ಎಂದ ತಮ್ಮ.

"ನಾ ಬರೂದಿಲ್ಲೋ ಈ ಸಲ."

"ಯಾಕ? ನಾಯಿ ಹಲ್ಲಿನ ಸಲುವಾಗಿ ಪಂಚಮಿ ಬಿಡ್ತಿ ಏನ?"

"ನಾ ಹೋದ್ರ ಇದನ್ನ ಹೊರಗ ಕಟ್ತಾರ. ಆಮ್ಯಾಲ ನನಗ ಒಬ್ಬಾಕಿಗೇ ಮಲಗಾಕ ಅಂಜಿಕಿ ಬರ್ತೇತಪಾ" ಎಂದುಬಿಟ್ಟೆ. ಹೇಳಿದ್ದು ತಮ್ಮನಿಗೆ. ತಲೆ ಎತ್ತಿದರೆ ಬಾಗಿಲಲ್ಲಿ ಸೊಸೆ ನಿಂತಿದ್ದಳು.

"ಇದನ್ನ ಮದ್ಲ ಹೇಳಾಕ ಏನಾಗಿತ್ರಿ ಅತ್ತಿ?" ಎಂದು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತಳು. "ಕೊಡ್ರಿ ಇಲ್ಲಿ ಆ ಬಟ್ಟಿ. ಹೆಂಗ ತಿಕ್ಕೂದು ತೋರಸ್ರಿ. ನೀವು ಬರೂತನಾ ನಾ ತಿಕ್ಕತೀನಿ." ಸೆರಗಿನಿಂದ ಮೂಗು ಬಿಗಿದು ಕಟ್ಟಿಕೊಂಡು, ಮುಖ ಅತ್ತ ತಿರುಗಿಸಿ ತಿಕ್ಕಿದಳು. ಮೊದಲ ಸಲ ಅರ್ಧ ಕಟ್ಟು ನಾಯಿಯ ಮೂಗಿಗೇ ಹೋಯಿತು.

ನಾನು ಬಬಲೇಶ್ವರಕ್ಕೆ ಹೋದೆ. ಅಕ್ಕತಂಗಿಯರ ಸಾಲಿನಲ್ಲಿ ಮಲಗಿದೆ, ಉಂಡಿ ತಿಂದೆ, ಒಂದು ಸಲ ಜೋಕಾಲಿಯನ್ನೂ ಆಡಿದೆ. ಇನ್ನೂ ಒಂದು ವಾರ ಇರು ಎಂದು ಎಲ್ಲರೂ ಹಿಡಿದುಕೊಂಡರು, ನನಗೂ ಮನಸ್ಸಾಗಿತ್ತು. ಪಂಚಮಿಯ ಮರುದಿನ ಸೊಸೆಯ ಫೋನು ಬಂತು.

"ಅತ್ತಿ, ಅವಸರ ಮಾಡಬ್ಯಾಡ್ರಿ, ಆರಾಮ ಇದ್ದು ಬರ್ರಿ. ಬಾಯಿ ವಾಸನಿ ಒಂಚೂರೂ ಇಲ್ಲ. ಎಷ್ಟ ಶಾಣ್ಯಾ ಐತ್ರಿ ಇದು! ಈಗ ನಮ್ಮ ಕ್ವಾಣ್ಯಾಗ ನನ್ನ ಮಗ್ಗಲಕ ಮಲಗಾಕತ್ತೇತಿ."

ನಾನು ಆವತ್ತಿನ ಮಧ್ಯಾಹ್ನದ ಬಸ್ಸಿಗೇ ಹೊರಟೆ.