ತೊಕ್ಕು ಕೆಟ್ಟ ವರ್ಷ

ಮೊನ್ನೆ ಅಂಗಡಿಯಿಂದ ತಂದ ಹುಣಸೆ ಗೊಜ್ಜಿನ ಬಾಟಲಿಯ ಮುಚ್ಚಳ ತಿರುವಿದ್ದೇ ತಡ, ಹುಳಿ, ಮೆಂತ್ಯ, ಇಂಗು ಮೂರೂ ಕೂಡಿ ಮೂಗಿಗೆ ಬಡಿದವು. ಇಂಥ ತಿಂಗಳೊಳಗೆ ಬಳಸಿ, ತಂಪು ಜಾಗದಲ್ಲಿಡಿ ಎಂದು ಬಾಟಲಿಯ ಬೆನ್ನ ಮೇಲೆ ಅಚ್ಚು ಹಾಕಿದ್ದರು. ಓದಿ ನಗು ಬಂತು, ನಗುವಿನ ಬೆನ್ನಿಗೇ ಕಣ್ಣು ತುಂಬಿತು. ವಾಡಿ ಊರಿನ ನಮ್ಮ ಮನೆಯಲ್ಲಿ ತೊಕ್ಕು ಎಷ್ಟು ದಿನ ಬಾಳುತ್ತದೆ ಎಂಬುದನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೈ ನೋಡಿ ಹೇಳುತ್ತಿದ್ದಳು. ಯಾರ ಕೈ ಭರಣಿಗೆ ತಾಗಿತು ಎಂಬುದರ ಮೇಲೆ ಅದರ ಆಯುಸ್ಸು.

ಎಳೆ ಹುಣಸೆಕಾಯಿ ಬರುವ ಚಳಿಗಾಲದಲ್ಲಿ ಆಯಿ ಉಪ್ಪು, ಅರಿಸಿನ, ಮೆಂತ್ಯ ಹಾಕಿ ಕುಟ್ಟುತ್ತ ಕುಳಿತರೆ ಓಣಿಯವರ ಬಾಯಲ್ಲೆಲ್ಲ ನೀರು. ಬಿಸಿಲಿಗೆ ಕಾಯಿಸಿದ ಭರಣಿಗೆ ಅದನ್ನು ಒತ್ತಿ ತುಂಬಿ, ಮೇಲೆ ಕುಸುಬಿ ಎಣ್ಣೆ ಸುರಿದು, ಬಾಯಿಗೆ ಅರಿವೆ ಬಿಗಿದು ಕತ್ತಲೆ ಮೂಲೆಯಲ್ಲಿಟ್ಟರೆ ವರ್ಷವಿಡೀ ಬೇಳೆಗೆ, ಪಲ್ಯಕ್ಕೆ ಅದೇ ಹುಳಿ. ಲಿಂಗ ಕಟ್ಟಿದವರಿಗೆ ಮೈಲಿಗೆ ಎಲ್ಲಿಂದ ಬಂತು ಎಂದು ಹೆರಿಗೆಯ ಮನೆಗೂ ಸಾವಿನ ಮನೆಗೂ ನಿರ್ಭಿಡೆಯಿಂದ ಹೋಗಿ ಉಂಡು ಬರುವ ಆಯಿ, ಭರಣಿಯ ವಿಷಯ ಬಂದರೆ ಮಾತ್ರ ಬೇರೆಯೇ ಮನುಷ್ಯಳಾಗುತ್ತಿದ್ದಳು. ಆ ಭರಣಿಗೆ ತನ್ನದೇ ಒಂದು ಧರ್ಮವಿತ್ತು ಅನ್ನಿ.

ನಿಜಾಮನ ಆಳ್ವಿಕೆ ಮುಗಿದ ಮೇಲಿನ ಒಂದೆರಡು ವರ್ಷಗಳಲ್ಲೇ ನಮ್ಮ ಸೋದರತ್ತೆ ನೀಲಮ್ಮ ಗಂಡನನ್ನು ಕಳೆದುಕೊಂಡು ಚಿಂಚೋಳಿ ಕಡೆಯ ಹಳ್ಳಿಯಿಂದ ತವರಿಗೆ ಬಂದಳು. ಅವಳದು ಇನ್ನೂ ಚಿಕ್ಕ ಪ್ರಾಯ, ಮಾತು ಕಡಿಮೆ. ನಾನಾಗ ಸಣ್ಣ ಹುಡುಗಿ. ಅದೇ ವರ್ಷ ರೈಲ್ವೆಯಲ್ಲಿ ಕೆಲಸಕ್ಕಿದ್ದ ಅಪ್ಪ ಸ್ಟೇಶನ್ನಿನಿಂದ ಅಗಲ ಬಾಯಿಯ ಗಾಜಿನ ಬಾಟಲಿಗಳನ್ನು ತಂದ. ತಗಡಿನ ಮುಚ್ಚಳ, ಒಳಗಿನ ಬಣ್ಣ ಫಳಫಳ ಕಾಣುವಂಥ ಗಾಜು. ಆಯಿ ಮರುಳಾಗಿಬಿಟ್ಟಳು. ತೊಕ್ಕನ್ನೆಲ್ಲ ಬಾಟಲಿಗೆ ಬಗ್ಗಿಸಿ, ಬಂದವರ ಕಣ್ಣಿಗೆ ಬೀಳಲಿ ಎಂದು ಕಿಟಕಿಯ ಶಹಾಬಾದಿ ಕಲ್ಲಿನ ಮೇಲೆ ಸಾಲಾಗಿ ಜೋಡಿಸಿದಳು. ಬಿಸಿಲು ನೆಟ್ಟಗೆ ಬೀಳುತ್ತಿದ್ದ ಕಿಟಕಿ ಅದು. ಮಳೆಗಾಲ ಬರುವಷ್ಟರಲ್ಲಿ ಹುಳಿ ತಿಂದ ಮುಚ್ಚಳಗಳು ಕಪ್ಪಾಗಿದ್ದವು, ತೊಕ್ಕಿನ ಮೇಲೆ ಬಿಳಿ ಬೂಸು ಕಟ್ಟಿತ್ತು. ದಿನಾ ಬಾಟಲಿಗಳ ಧೂಳು ಒರೆಸುತ್ತಿದ್ದವಳು ನೀಲಮ್ಮತ್ತೆ.

"ಗಂಡ ಸತ್ತವಳ ಕೈ ಹತ್ತಿದ ಮ್ಯಾಲ ಇನ್ನೇನ್ ಉಳೀತದ," ಅಂದಳು ಆಯಿ.

ಹೆತ್ತ ಮಗಳಿಗೆ ಅಂದ ಮಾತು! ಇವತ್ತು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಅತ್ತೆ ಅಳಲಿಲ್ಲ. ಅಂದಿನಿಂದ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ, ಅಷ್ಟೇ. ರೊಟ್ಟಿ ಬಡಿಯುವುದು ಬಿಟ್ಟಳು, ಬಿಂದಿಗೆ ಮುಟ್ಟುವುದು ಬಿಟ್ಟಳು, ಹಿತ್ತಲಲ್ಲಿ ಕುಳಿತು ಕಸೂತಿ ಹಾಕುತ್ತಿದ್ದಳು. ದೀಪಾವಳಿ ಮುಗಿದ ಮೇಲೆ, ಸುಲೇಪೇಟದ ಮಠದಲ್ಲಿ ದಾಸೋಹದ ಹಿಟ್ಟು ಬೀಸಿಕೊಂಡು ಇದ್ದುಬಿಡುತ್ತೇನೆ ಎಂದು ಅಪ್ಪನಿಗೆ ತಿಳಿಸಿದಳು. ಅಪ್ಪ ಎಷ್ಟು ಬೇಡಿದರೂ ಕೇಳಲಿಲ್ಲ, ಸೀರೆಗಳನ್ನು ಮಡಿಸಿಟ್ಟೇಬಿಟ್ಟಳು. ಆಯಿ ಆ ಸುದ್ದಿ ಕೇಳಿ ಎರಡು ಹೊತ್ತು ಉಣ್ಣಲಿಲ್ಲ.

ಅಷ್ಟರಲ್ಲಿ ಹುಣಸೆಕಾಯಿ ಬಂದವು. ಹಳೆಯ ಭರಣಿ ಮತ್ತೆ ಹೊರಗೆ ಬಂತು. ಆಯಿ ಕುಟ್ಟಿ ಮುಗಿಸಿದವಳು ತುಂಬದೆ ಹಾಗೇ ಕುಳಿತಳು. ಆಮೇಲೆ ಹಿತ್ತಲ ಕಡೆ ಮುಖ ಮಾಡಿ, "ನೀಲಾ, ಬಾ ಇಲ್ಲಿ. ನೀ ತುಂಬು," ಅಂದಳು.

ಅತ್ತೆ ಬಂದು ಬಾಗಿಲ ಆಚೆಯೇ ನಿಂತಳು. "ಬ್ಯಾಡ ಯವ್ವಾ. ಕೆಟ್ರ ಮತ್ತ ನನ್ನ ಮ್ಯಾಲೇ ಬರ್ತದ."

"ಕೆಟ್ರ ಕೆಡ್ಲಿ. ಕೆಟ್ಟದ್ದೇ ಎಲ್ಲರೂ ಕೂಡಿ ತಿಂತೀವಿ. ನೀ ಹೋಗಬ್ಯಾಡ."

ತಪ್ಪಾಯಿತು ಎಂದು ಆಯಿ ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ, ಅವಳ ಬಾಯಿಗೆ ಆ ಮಾತು ಬರುತ್ತಲೇ ಇರಲಿಲ್ಲ. ಅತ್ತೆ ಹೊಸ್ತಿಲು ದಾಟಿ ಒಳಗೆ ಬಂದು, ಕೈ ತೊಳೆದು, ಭರಣಿಯ ಮುಂದೆ ಕುಳಿತಳು. ಅವಳು ತುಂಬುವಾಗ ಆಯಿ ಪಕ್ಕದಲ್ಲಿ ಎಣ್ಣೆಯ ಗಿಂಡಿ ಹಿಡಿದುಕೊಂಡಿದ್ದಳು.

ಆ ವರ್ಷವೂ ತೊಕ್ಕು ಕೆಟ್ಟಿತು. ಕುಟ್ಟುವ ಮೊದಲು ತೊಳೆದ ಕಾಯಿ ಆರಲು ಹಾಕಿದ್ದಾಗಲೇ ಅಕಾಲದ ಮಳೆ ಬಿದ್ದಿತ್ತು, ಪಸೆ ಒಳಗೇ ಉಳಿದಿರಬೇಕು. ಒಂದು ಮುಂಜಾನೆ ನಾನೇ ಕಂಡೆ: ಆಯಿ ಮೂಲೆಯಲ್ಲಿ ಕುಳಿತು ಭರಣಿಯ ಮೇಲಿನ ಬೂಸನ್ನು ಚಮಚೆಯಿಂದ ಮೆಲ್ಲಗೆ ತೆಗೆಯುತ್ತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಎಲ್ಲರಿಗಿಂತ ಮೊದಲು ತನ್ನ ರೊಟ್ಟಿಗೇ ಆ ತೊಕ್ಕು ಹಚ್ಚಿಕೊಂಡು, "ನೀಲಾನ ಕೈ ಭಾಳ ಛಲೋ ಅದ," ಅಂದಳು. ಅಪ್ಪ ಹೌದೆಂದ. ಅವ್ವ ಹೌದೆಂದಳು. ನನಗೂ ಬಡಿಸಿದರು, ನಾಲಿಗೆ ಮುದುಡುವಷ್ಟು ಕಹಿ. ಅತ್ತೆ ಒಂದು ತುತ್ತು ತಿಂದಳು, ಎಲ್ಲರ ಮುಖ ನೋಡಿದಳು, ತಲೆ ಬಗ್ಗಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಮಡಿಸಿಟ್ಟ ಸೀರೆಗಳು ಗೂಟಕ್ಕೆ ಮರಳಿದವು. ಅತ್ತೆ ಬಾಳಿದಷ್ಟೂ ದಿನ ನಮ್ಮೊಂದಿಗೇ ಬಾಳಿದಳು. ಆಯಿ ಹೋದಳು, ಅಪ್ಪ ಅವ್ವ ಹೋದರು, ಕೊನೆಗೆ ಅವಳೂ ಹೋದಳು. ಆ ಊಟಕ್ಕೆ ಕುಳಿತವರಲ್ಲಿ ಉಳಿದವಳು ನಾನೊಬ್ಬಳೇ. ತವರಿನ ರುಚಿ ಯಾವುದು ಎಂದು ಯಾರಾದರೂ ಕೇಳಿದರೆ ಹೋಳಿಗೆ ಎನ್ನುತ್ತೇನೆ. ಸುಳ್ಳು ಅದು. ಆ ಕಹಿಯೇ ನನ್ನ ತವರು, ಅದನ್ನು ಬಡಿಸುವವರು ಇನ್ನು ಯಾರೂ ಇಲ್ಲ.